ಬಿಟ್ಟೆ ಎಂದರೆ

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಸೊಂಟನೋವು ಹೇಗಿದೆ? ಅತ್ತೆಯ ಮನೆಯ ಮೆಟ್ಟಿಲು ಬಲು ಕಡಿದು, ಕೋಲು ಹಿಡಿದೇ ಇಳಿಯಿರಿ, ನಾಚಿಕೆ ಬೇಡ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ದಿನಕ್ಕೆ ಹತ್ತು ಸಲ ನನ್ನ ಮೇಲೆ ರೇಗುವಷ್ಟು ಚೆನ್ನಾಗಿದ್ದಾಳೆ.

ನಿನ್ನೆ ಗೋದಾಮಿನ ವಿಚಾರಣೆಗೆ ಹೋಗಿದ್ದೆ. ಹೇಳದೆ ಹೋದದ್ದಕ್ಕೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ. ನೀವು ರಾಟೆಯಲ್ಲಿ ಇಳಿಸುತ್ತಿದ್ದ ಗಾಜಿನ ಪೆಟ್ಟಿಗೆ ಬಿದ್ದು ಹಮಾಲಿಯ ಪಾದ ಜಜ್ಜಿಹೋದ ದಿನ ನೀವು ಕೊಟ್ಟ ಹೇಳಿಕೆಯಲ್ಲಿ ‘ರಾಟೆಯ ಹಗ್ಗ ಬಿಟ್ಟೆ’ ಎಂದಷ್ಟೇ ಇತ್ತು. ಕನ್ನಡ ಬಾರದ ಅಧಿಕಾರಿಗಾಗಿ ಗುಮಾಸ್ತರು ಅದನ್ನು ಇಂಗ್ಲಿಷಿಗೆ ತಿರುಗಿಸಿ ‘ರಿಲೀಸ್’ ಎಂದು ಬರೆದಿದ್ದರು. ಅದನ್ನು ನಾನೂ ಓದಿದೆ. ಹನ್ನೆರಡು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ಸುಮ್ಮನಿರಲಾದೀತೆ? ರಿಲೀಸ್ ಎಂದರೆ ಗೊತ್ತಿದ್ದೇ ಹಿಡಿತ ಸಡಿಲಿಸುವುದು, ಡ್ರಾಪ್ ಎಂದರೆ ಅರಿಯದೆ ಕೈಜಾರಿದರೂ ಆಗುತ್ತದೆ, ಹಕ್ಕಿ ಬಿಟ್ಟವನನ್ನೂ ಕ್ಯಾಚ್ ಬಿಟ್ಟವನನ್ನೂ ನಮ್ಮ ಮಾತಿನಲ್ಲಿ ‘ಬಿಟ್ಟ’ ಎಂದೇ ಹೇಳುತ್ತೇವೆ ಎಂದೆ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ಹಾಗಾದರೆ ನಿಮ್ಮ ತಂದೆ ಮಾಡಿದ್ದು ಯಾವುದು ಎಂದು ಕೇಳಿದರು. ನೀವು ಹೇಳಿರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ‘ಡ್ರಾಪ್’ ಎಂದುಬಿಟ್ಟೆ. ಅವರು ಹಳೆಯ ಪದ ಹೊಡೆದುಹಾಕಿದರು. ಕೈಜಾರಿದ್ದಾದರೆ ಒಂದು ಎಚ್ಚರಿಕೆ ಕೊಟ್ಟು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರಂತೆ. ಬೇಕೆಂದೇ ಬಿಟ್ಟಿದ್ದಾದರೆ ಪೊಲೀಸರಿಗೆ ಹೋಗುತ್ತಿತ್ತಂತೆ. ಮೂರು ವಾರದ ಮೇಲೆ ನಿನ್ನೆ ಅಮ್ಮ ಹೊಟ್ಟೆ ತುಂಬ ಉಂಡಳು.

ಮಾತ್ರೆ ತಪ್ಪಿಸಬೇಡಿ. ಅತ್ತೆಗೆ ನಮಸ್ಕಾರ ಹೇಳಿ, ಅವರ ಬಾಯಿಗೆ ಬ್ರೇಕಿಲ್ಲ ಎಂದು ಕೋಪ ಮಾಡಿಕೊಳ್ಳಬೇಡಿ.

ನಿಮ್ಮ ಮಗಳು,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆ ಹಮಾಲಿಯೇ ಊರುಗೋಲೂರಿಕೊಂಡು ಬಾಗಿಲಿಗೆ ಬಂದ. ‘ಏನಕ್ಕಾ, ನಿಮ್ಮಪ್ಪನಿಗೆ ಕೈಜಾರಿತು ಅಂತ ಬರೆಸಿದ್ರಂತೆ? ಆ ಕೈ ಜಾರುತ್ತಾ? ಒಂದು ಕಡೆ ಗಂಟು ಕಳಚಿ ಪೆಟ್ಟಿಗೆ ತೂಗಾಡ್ಕೊಂಡು ನನ್ನ ಎದೆಗೇ ಬರ್ತಿತ್ತು, ಬೆನ್ನಿಗೆ ಗೋಡೆ. ಅವ್ರು ಅದನ್ನ ನೋಡೇ ಹಗ್ಗ ಬಿಟ್ರು, ಪೆಟ್ಟಿಗೆ ನೇರ ಕೆಳಕ್ಕೆ ಬಿತ್ತು. ಪಾದ ಹೋಯ್ತು, ನಾನು ಉಳ್ಕೊಂಡೆ’ ಎಂದ. ಅಪ್ಪಾ, ಇದನ್ನೇಕೆ ಯಾರಿಗೂ ಹೇಳಲಿಲ್ಲ? ಅವನ ಪಾದ ಕಂಡ ಮೇಲೆ ಮಾತೇ ಹೊರಡಲಿಲ್ಲವೇ? ನಾನು ನಿಮ್ಮನ್ನು ಕಾಪಾಡಲು ಹೋಗಿ ನಿಮ್ಮ ಕೈಗೆ ಕಳಂಕ ಬರೆಸಿ ಬಂದೆ. ಇವತ್ತು ಸಂಜೆ ಐದಕ್ಕೆ ವಿಚಾರಣೆ ಮುಗಿಸಿ ಕಡತ ಮುಚ್ಚುತ್ತಾರೆ. ಗುಮಾಸ್ತರ ‘ರಿಲೀಸ್’ ಪದವನ್ನೇ ಮತ್ತೆ ಬರೆಸುತ್ತೇನೆ, ಕೆಳಗೆ ಇವನ ಸಾಕ್ಷಿಯನ್ನೂ. ನಂಬುತ್ತಾರೋ ಇಲ್ಲವೋ, ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅಮ್ಮ ಆಗಲೇ ಚಪ್ಪಲಿ ಮೆಟ್ಟಿ, ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ನನ್ನನ್ನು ಕೂಗುತ್ತಿದ್ದಾಳೆ.