ಶನಿವಾರ ಪಾಸಾದರೆ ಭಾನುವಾರ ಮಗಳು

ಜೂನ್ 3, ಮಂಗಳವಾರ. ಬೆಳಗ್ಗೆ 7.10
ಆಸೆ: ಹತ್ತಕ್ಕೆ ಆರು. ಕಾರಣ: ಮೊದಲ ಬಸ್ ಶೃಂಗೇರಿಗೆ ಹೊರಟಿತು, ಕೈಗೆ ಕೆಲಸವಿಲ್ಲ. ಮಾಡಿದ್ದು: ಎರಡು ಚಾ, ಕ್ಲೀನರ್‌ಗೆ ಬೈಗುಳ.

ಗಾಂಜಾ ಸೇದಬೇಕೆನಿಸಿದಾಗೆಲ್ಲ ಹೀಗೆ ಬರೆಯಬೇಕಂತೆ. ಕೌನ್ಸೆಲರ್ ನಯನ ಮೇಡಂ ಅಪ್ಪಣೆ. ‘ಪುಸ್ತಕ ನಿಮ್ಮದು, ನಾನು ನೋಡಲ್ಲ.’ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಬರೀ ಮಾತು. ಕೊಪ್ಪ ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಎರಡು ಬಸ್ ಮಾಡಿಕೊಂಡವನು ನಾನು. ನನಗೇ ಮಾತು ಮಾರುತ್ತಾರೆ!

ಶನಿವಾರ ಮೂತ್ರ ಪರೀಕ್ಷೆ. ಪಾಸಾದರೆ ಬಹುಮಾನ. ಏನು ಬೇಕು ಅಂದರು. ‘ಮಗಳು’ ಅಂದೆ. ಸಂಪದಾ ಮೂರು ತಿಂಗಳಿಂದ ಅಮ್ಮನ ಜೊತೆ ಸೀತೂರಿನ ಸೋದರಮಾವನ ಮನೆಯಲ್ಲಿ. ಮೇಡಂ ಅವರನ್ನು ಒಪ್ಪಿಸಿದ್ದಾರೆ, ಪಾಸಾದರೆ ಭಾನುವಾರ ಕಳಿಸುತ್ತಾರೆ. ಹದಿಮೂರು ವರ್ಷದ ಮಗಳ ಮುಖ ನೋಡಲು ಉಚ್ಚೆ ಬಾಟಲಿ ಹಿಡಿದು ನಿಲ್ಲಬೇಕು — ಥೂ.

ಜೂನ್ 9, ಸೋಮವಾರ
ಪಾಸ್. ನಿನ್ನೆ ಬಂದಳು. ಬಿಡಲು ಬಂದ ಭಾವಮೈದ ಯಜ್ಞೇಶ ಬಾಗಿಲಲ್ಲೇ ತಡೆದ.
‘ಭಾವ, ಈ ಬರೆಯೋದು ಗಿರೆಯೋದು ಎಲ್ಲ ಎಂತಕ್ಕೆ? ಕೂಸಿನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ. ಮುಗೀತು.’
ಮಾಡಿದೆ. ಸಂಪದಾ ನಿಂತೇ ಇದ್ದಳು, ತಲೆ ಬೇರೆ ಯಾರದೋ ಎನ್ನುವಂತೆ.
ಇವತ್ತು ಮೇಡಂಗೆ ಹೇಳಿದರೆ ರೇಗಿದರು. ‘ಜಾರಿದ್ರೆ ಬಂದು ಹೇಳಿ ಅಂದಿದ್ದೆ ಅಲ್ವಾ? ಈಗ ಜಾರಿದ್ರೆ ಯಾರಿಗೆ ಹೇಳ್ತೀರಿ, ಯೋಗೇಂದ್ರ ಅವರೇ?’
‘ಜಾರಲ್ಲ ಬಿಡಿ.’

ಜೂನ್ 17, ಮಂಗಳವಾರ
ಮೊನ್ನೆಯ ಶನಿವಾರವೂ ಪಾಸ್. ಇವತ್ತು ಆಸೆ ಸೊನ್ನೆ. ಏನೂ ನಡೆದಿಲ್ಲ.

ಜೂನ್ 18, ಬುಧವಾರ
ಯಜ್ಞೇಶನ ಫೋನ್. ‘ಕೂಸಿಗೆ ರಾತ್ರಿಯಿಂದ ನೂರಾ ಮೂರು ಜ್ವರ. ನಿಜ ಹೇಳಿ ಭಾವ, ಸೇದಿದ್ರಾ?’
‘ಜ್ವರ ಬಂದ್ರೆ ಡಾಕ್ಟರ್‌ನ ಕೇಳು ಮಾರಾಯ, ನನ್ನನ್ನಲ್ಲ!’
ಸಂಪದಾ ಫೋನ್ ಕಿತ್ತುಕೊಂಡಳು. ‘ಅಪ್ಪ, ನಮ್ಮ ಕ್ಲಾಸಲ್ಲಿ ಆರು ಜನಕ್ಕೆ ಜ್ವರ. ಅವರಪ್ಪಂದಿರೆಲ್ಲ ಸೇದ್ತಾರಾ? ನೀನು ಸೇದಿದ್ಯಾ ಇಲ್ವಾ, ಅಷ್ಟು ಹೇಳು.’
‘ಇಲ್ಲ’ ಅಂದೆ.
ಸೇದಿದ್ದೆ. ನಿನ್ನೆ ಐದೂವರೆಗೆ, ಸ್ಟ್ಯಾಂಡಿನ ಹಿಂದೆ. ಡ್ರೈವರ್ ಮಂಜಯ್ಯ ‘ಸನ್ಯಾಸಿಗಳು ಒಂದು ದಮ್ ಎಳೀಬಹುದಾ?’ ಎಂದು ಹಲ್ಲು ಕಿರಿದ. ಒಂದಲ್ಲ, ನಾಲ್ಕು ಎಳೆದೆ. ಯಾರೂ ನೋಡದ ಪುಸ್ತಕದಲ್ಲಿ ಸುಳ್ಳು ಬರೆದೆ. ಇಂಥ ಮೂರ್ಖ ವ್ಯಾಪಾರ ಜನ್ಮದಲ್ಲಿ ಮಾಡಿರಲಿಲ್ಲ.

ಜೂನ್ 20, ಶುಕ್ರವಾರ. ಮಧ್ಯಾಹ್ನ
ನಾಳೆ ಪರೀಕ್ಷೆ. ಮಂಜಯ್ಯನ ಉಪಾಯ: ‘ಕ್ಲೀನರ್ ಜಟ್ಟಪ್ಪನ ಬಾಟಲಿ ಒಯ್ಯಿ. ಬೀಡಿನೂ ಮುಟ್ಟದ ಮನುಷ್ಯ. ಚಿನ್ನದಂಥ ಮಾಲು!’
ನಗು ಬಂತು. ಹಿಂದೆಯೇ ಸಿಟ್ಟು… ಮಂಜಯ್ಯನ ಮೇಲೆ, ಯಜ್ಞೇಶನ ಮೇಲೆ. ಎಲ್ಲಕ್ಕಿಂತ ಈ ಬಾಯಿಯ ಮೇಲೆ. ದಿನವಿಡೀ ಬಡಬಡಿಸುತ್ತದೆ, ಮಗಳು ಕೇಳಿದ ಒಂದೇ ಮಾತು ಹೊರಡಲಿಲ್ಲ.

3.40
ಮೇಡಂಗೆ ಹೇಳಿ ಬಂದೆ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ‘ಈ ಭಾನುವಾರ ಇಲ್ಲ. ಮುಂದಿನ ಶನಿವಾರ ಬನ್ನಿ’ ಅಂದರು, ಅಷ್ಟೇ.

4.15
ಸೀತೂರಿಗೆ ಫೋನ್. ಅವಳೇ ಎತ್ತಿದಳು.
‘ಈ ವಾರ ನೀನು ಬರೋ ಹಾಗಿಲ್ಲ, ಪುಟ್ಟಿ. ಸೇದಿದೆ. ಮೊನ್ನೆ ಹೇಳಿದ್ದು ಸುಳ್ಳು.’
‘ಇನ್ಮೇಲೆ ನನ್ನ ತಲೆ ಮುಟ್ಟಬೇಡ.’
ಹಿಂದಿನಿಂದ ಯಜ್ಞೇಶ: ‘ಎಂತದಂತೆ ಕೂಸೇ?’
‘ಏನಿಲ್ಲ ಮಾಮ. ಜ್ವರ ಹೇಗಿದೆ ಅಂತ ಅಪ್ಪ ಕೇಳ್ತಿದಾನೆ.’
ನನ್ನನ್ನು ಉಳಿಸಲು ಅವಳೂ ಸುಳ್ಳು ಕಲಿತಳು!
‘ಕೊಡು ಫೋನು ಮಾವನಿಗೆ’ ಎಂದು ಕಿರುಚಿದೆ. ಇಡೀ ಸ್ಟ್ಯಾಂಡು ತಿರುಗಿ ನೋಡಿತು. ಕೊಟ್ಟಳು.
‘ಭಾವ?’
‘ಯಜ್ಞೇಶ, ಕೇಳು. ನಿನ್ನ ಆಣೆ ಮುರಿದದ್ದು ನಾನು. ಕೂಸು ಈಗ ಸುಳ್ಳು ಹೇಳಿದ್ದು ನನ್ನನ್ನ ಉಳಿಸೋಕೆ, ಅದಕ್ಕೆ ಅವಳಿಗೆ ಒಂದು ಮಾತು ಅಂದ್ರೆ ನಾನು ಸುಮ್ನಿರಲ್ಲ.’