ನನ್ನ ಕೈಲಾಗದ್ದು

ಪಿರಿಯಾಪಟ್ಟಣ
28 ಏಪ್ರಿಲ್ 2025

ನನ್ನ ಕಾವ್ಯ ಕಂದನಿಗೆ,

ಅಮ್ಮನ ಆಶೀರ್ವಾದ, ಜೊತೆಗೊಂದು ಮುತ್ತು. ಫೋನ್ ಇರುವಾಗ ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ, ಮಳೆ ಬಂತಾ ಎಂಬಲ್ಲಿಗೆ ನಿಂತುಬಿಡುತ್ತೇವೆ. ಅದಕ್ಕಿಂತ ಮುಂದೆ ನಾನು ಬಾಯಿ ತೆರೆದರೆ ಸರಗೂರಿನಲ್ಲಿ ಯಾವುದಾದರೂ ಹಸುವಿಗೆ ಕಷ್ಟ ಬಂದುಬಿಡುತ್ತದೆ, ನೀನು ಹೊರಡಲೇಬೇಕಾಗುತ್ತದೆ. ದನದ ಡಾಕ್ಟರನ್ನು ಮಗಳಾಗಿ ಪಡೆದ ಮೇಲೆ ಹಸುಗಳ ಮೇಲೆ ಹೊಟ್ಟೆಕಿಚ್ಚು ಪಡಬಾರದು, ನಿಜ. ಆದರೆ ಇದನ್ನು ಪೂರ್ತಿ ಹೇಳಬೇಕು. ಕಾಗದವನ್ನಾದರೆ ಬೇಸರವಾದಾಗ ಬದಿಗಿಟ್ಟು ಮತ್ತೆ ಎತ್ತಿಕೊಳ್ಳಬಹುದು.

ಯಾವಾಗಲೂ ಕಾಗದದ ತಲೆಯ ಮೇಲೆ ಬೈಬಲಿನ ಒಂದು ವಚನ ಬರೆಯುತ್ತಿದ್ದೆ. ಈ ಸಲ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ.

ಅಪ್ಪ ಹೋದಂದಿನಿಂದ ಶುರು ಮಾಡುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಾನು ನಿನಗೆ ಯಾವತ್ತೂ ಹೇಳಿಲ್ಲ. ಬೆಟ್ಟದಪುರದ ದಾರಿಯಲ್ಲಿ ಮಹದೇವಪ್ರಸಾದ್ ಫೋನಿನಲ್ಲಿ ಮಾತಾಡುತ್ತ, ಹಿಂದೆ ಯಾರಿದ್ದಾರೆಂದು ನೋಡದೆ, ಟ್ರ್ಯಾಕ್ಟರನ್ನು ಹೊಲದ ಕಡೆಗೆ ತಿರುಗಿಸಿದ. ಹಿಂದಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ನಿಮ್ಮಪ್ಪ ಟ್ರೈಲರಿಗೆ ಬಡಿದರು. ರಸ್ತೆಯಲ್ಲೇ ಹೋಗಿಬಿಟ್ಟರು ಅಂತ ನಮಗೆ ಸುದ್ದಿ ಬಂತು. ಆ ಹುಡುಗ ಹೊರಗಿನವನೂ ಅಲ್ಲ. ಒಂದನೇ ಕ್ಲಾಸಿನಲ್ಲಿ ನನ್ನ ಹತ್ತಿರ ಅಕ್ಷರ ಕಲಿತವನು, ಹೈಸ್ಕೂಲಿನಲ್ಲಿ ನಿಮ್ಮಪ್ಪನ ಹತ್ತಿರ ಕಬಡ್ಡಿ ಕಲಿತವನು. ತಪ್ಪು ನನ್ನದೇ ಎಂದು ಪೊಲೀಸರಿಗೆ ತಾನೇ ಹೇಳಿದ. ಕೇಸು ಇನ್ನೂ ನಡೆಯುತ್ತಿದೆ.

ಸಮಾಧಿಗೆ ಮಣ್ಣು ಹಾಕಿ ಮುಗಿಯುತ್ತಿದ್ದಂತೆ ಅವನ ತಾಯಿ ಶಿವರುದ್ರಮ್ಮ ಜನರ ನಡುವಿನಿಂದ ಬಂದು ನನ್ನ ಕಾಲು ಹಿಡಿದರು. "ಏಳಿ ಶಿವರುದ್ರಮ್ಮ, ನಿಮ್ಮ ಮಗನನ್ನ ನಾನು ಕ್ಷಮಿಸಿದ್ದೀನಿ" ಅಂದೆ. ಒಬ್ಬ ಕ್ರೈಸ್ತ ಹೆಂಗಸು ಆ ಜಾಗದಲ್ಲಿ ಹೇಳಬೇಕಾದ ಮಾತು ಅದೇ ಎಂದು ನನಗೆ ಗೊತ್ತಿತ್ತು, ಹೇಳಿದೆ. ಸುತ್ತ ನಿಂತವರೆಲ್ಲ ಅತ್ತರು. ನೀನು ಮಾತ್ರ ಅಳಲಿಲ್ಲ. ಮನೆಗೆ ಬಂದ ಮೇಲೆ ಕೇಳಿದೆ: "ನೀನೊಬ್ಬಳೇ ಕ್ಷಮಿಸಿಬಿಡೋಕೆ ಅಪ್ಪ ನಿನ್ನೊಬ್ಬಳಿಗೇ ಸೇರಿದ್ರಾ?" ಆ ಪ್ರಶ್ನೆಗೆ ನಾನು ಒಂದು ವಚನ ಹೇಳಿದೆ. ಮಾರನೆಯ ದಿನ ನೀನು ಬ್ಯಾಗು ಹಿಡಿದು ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಚರ್ಚಿನ ಅಯ್ಯನವರು ಆರಾಧನೆಯಲ್ಲಿ ನನ್ನ ಬಗ್ಗೆಯೇ ಪ್ರಸಂಗ ಮಾಡಿದರು. ಸುದ್ದಿ ಹಬ್ಬಿತು. ಹುಣಸೂರಿನ ಸ್ತ್ರೀಯರ ಕೂಟದಲ್ಲಿ ದೇವರ ಕೃಪೆಗೆ ಸಾಕ್ಷಿ ಹೇಳಲು ಕರೆದರು, ಆಮೇಲೆ ಕೆ.ಆರ್. ನಗರದಲ್ಲಿ, ಎಚ್.ಡಿ. ಕೋಟೆಯಲ್ಲಿ. ನಾನು ಬಿಳಿ ಸೀರೆ ಉಟ್ಟು ಹೋಗುತ್ತಿದ್ದೆ, ಹೇಳುತ್ತಿದ್ದೆ, ಹೆಂಗಸರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಊರೂರಿನಲ್ಲಿ ನನ್ನ ಹೆಸರೇ ಹೋಗಿ 'ಕ್ಷಮಿಸಿದ ಟೀಚರಮ್ಮ' ಆಯಿತು.

ಕಾವ್ಯ, ನಾನು ಕ್ಷಮಿಸಿರಲಿಲ್ಲ.

ಬೀದಿಯಲ್ಲಿ ಟ್ರ್ಯಾಕ್ಟರ್ ಸದ್ದು ಕೇಳಿದರೆ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಅವನ ಕೈ ಸೇದಿಹೋಗಲಿ ಅಂತ ಬಯಸಿದ್ದೇನೆ. ಪ್ರಾರ್ಥನೆಯಲ್ಲಿ ಅವನ ಹೆಸರೆತ್ತಿ 'ಆಶೀರ್ವದಿಸು' ಎನ್ನುವ ಹೊತ್ತಿಗೆ ನಾಲಿಗೆ ಒಣಗುತ್ತಿತ್ತು. ಆಗ ನನಗೆ ತೋಚಿದ್ದು ಒಂದೇ ದಾರಿ: ಇನ್ನೂ ಹೆಚ್ಚು ಮಾಡುವುದು. ಶುಕ್ರವಾರದ ಉಪವಾಸಕ್ಕೆ ಬುಧವಾರವನ್ನೂ ಸೇರಿಸಿದೆ. ನಸುಕಿನಲ್ಲಿ ಎದ್ದು ಮೊಣಕಾಲೂರುತ್ತಿದ್ದೆ. ಪ್ರತಿ ಭಾನುವಾರ ಆರಾಧನೆ ಮುಗಿಸಿ ಅವರ ಮನೆಗೆ ಊಟ ಕೊಂಡೊಯ್ದೆ. ಅವರು ಲಿಂಗಾಯಿತರು, ನಮ್ಮ ಮನೆಯಲ್ಲಿ ಮಾಂಸ ಬೇಯಿಸಿದ ಪಾತ್ರೆ ಆಗುವುದಿಲ್ಲವೆಂದು ಅದಕ್ಕೇ ಹೊಸ ಪಾತ್ರೆಗಳನ್ನು ಬೇರೆಯಾಗಿಟ್ಟೆ. ಅನ್ನ, ಅವರೆಕಾಯಿ ಸಾರು, ಕೆಲವು ಸಲ ಪಾಯಸ. ಡಬ್ಬಿ ಕೊಟ್ಟು ಬಾಗಿಲಿನಿಂದಲೇ ತಿರುಗುತ್ತಿದ್ದೆ. ಒಂದು ಲೋಟ ನೀರು ಕುಡಿಯಿರಿ ಎಂದರೂ ಉಪವಾಸ ಎನ್ನುತ್ತಿದ್ದೆ. ಭಾನುವಾರ ಯಾರು ಉಪವಾಸ ಮಾಡುತ್ತಾರೆ?

ಎಷ್ಟು ಮಾಡಿದರೂ ಒಳಗಿನ ಕಲ್ಲು ಅಲ್ಲಾಡಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಯಿತು. ಉಪವಾಸ ಬಿಡಿ ಅಂತ ಡಾಕ್ಟರು ಬೈದರು. ನಾನು ಬಿಡಲಿಲ್ಲ. ಬಿಟ್ಟರೆ ದೇವರ ಮುಂದೆ ಹೇಗೆ ನಿಲ್ಲಲಿ ಎಂಬ ಭಯ.

ಈ ಸಲ ಈಸ್ಟರಿಗೆ ಮುಂಚಿನ ಲೆಂಟ್ ದಿನಗಳಲ್ಲಿ ಮಹದೇವಪ್ರಸಾದನಿಗೂ ಅವನ ಹೆಂಡತಿ ಐಶ್ವರ್ಯಳಿಗೂ ಹುಟ್ಟಿದ ಮಗುವಿನ ನಾಮಕರಣ ಇಟ್ಟುಕೊಂಡರು. ಹೆಣ್ಣು ಮಗು. ಶಿವರುದ್ರಮ್ಮ ಕುಂಕುಮದ ಬಟ್ಟಲು ತರದೆ, ಬರೀ ಹೂವು ಹಣ್ಣು ಹಿಡಿದು ಕರೆಯಲು ಬಂದರು. "ನೀವು ಬಂದು ಮಗೀನ ಕಿವೀಲಿ ಎಸ್ರು ಏಳ್ಬೇಕು ಕಣ್ರವ್ವ. ನಿಮ್ ಬಾಯಿಂದ್ಲೇ ಆಗ್ಬೇಕು" ಅಂದರು. ಆಗುವುದಿಲ್ಲ ಎನ್ನಲು ನನಗೆ ಧೈರ್ಯ ಇರಲಿಲ್ಲ. ಕ್ಷಮಿಸಿದ ಟೀಚರಮ್ಮ ಹೇಗೆ ತಾನೇ ಆಗುವುದಿಲ್ಲ ಅನ್ನುತ್ತಾಳೆ?

ಹೋದೆ. ಅಂಗಳದಲ್ಲಿ ಚಪ್ಪರ, ಒಳಗೆ ತೊಟ್ಟಿಲು, ನೆಂಟರು. ಐಶ್ವರ್ಯ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಮಗು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಆ ಕ್ಷಣ ನನ್ನೊಳಗೆ ಎದ್ದ ಮಾತನ್ನು ನಿನಗೆ ಬಿಟ್ಟರೆ ಬೇರೆ ಯಾರಿಗೂ ಬರೆಯಲಾರೆ. 'ನೀನು ದೊಡ್ಡವಳಾಗಿ ಅಪ್ಪ ಅಂತ ಕೂಗಿದರೆ ಓ ಅನ್ನಲು ನಿನಗೆ ಅಪ್ಪ ಇರುತ್ತಾನೆ. ನನ್ನ ಮಗಳಿಗೆ?' ಅಂತ ಆ ಹಸುಗೂಸಿನ ಮೇಲೆ ನನಗೆ ಸಿಟ್ಟು ಬಂತು ಕಾವ್ಯ. ನನಗೇ ಹೆದರಿಕೆಯಾಯಿತು. ಮಗುವನ್ನು ಎತ್ತಿ ಐಶ್ವರ್ಯಳ ಕೈಗೆ ಕೊಟ್ಟೆ.

"ನನ್ನ ಕೈಲಾಗಲ್ಲ" ಅಂದೆ.

ಶಿವರುದ್ರಮ್ಮ, "ಯಾಕ್ರವ್ವ, ಸುಸ್ತಾಯ್ತಾ?" ಎಂದು ಹತ್ತಿರ ಬಂದರು.

"ನಾನು ಕ್ಷಮಿಸಿಲ್ಲ ಶಿವರುದ್ರಮ್ಮ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ನಿಮ್ಮ ಮಗನ ಮುಖ ಕಂಡ್ರೆ ನನಗೆ ಆಗಲ್ಲ. ಅವನು ಚೆನ್ನಾಗಿರೋದನ್ನ ನೋಡೋಕೆ ನನ್ನ ಕೈಲಾಗಲ್ಲ." ಮೆಲ್ಲಗೆ ಹೇಳಬೇಕು ಅಂದುಕೊಂಡೆ. ಚಪ್ಪರದಾಚೆಗೂ ಕೇಳಿಸಿತು. ಪ್ರಸಾದ ಅಡುಗೆಯ ಒಲೆಯ ಹತ್ತಿರ ಸೌಟು ಹಿಡಿದು ನಿಂತಿದ್ದ. ನಾನು ಎದ್ದು ಹೊರಟುಬಿಟ್ಟೆ. ಕಾಲಲ್ಲಿ ಚಪ್ಪಲಿ ಇಲ್ಲವೆಂದು ಗೊತ್ತಾದದ್ದು ಕಾಲು ಸುಟ್ಟಾಗ.

ಊರಾಚೆ ಹೊಗೆಸೊಪ್ಪಿನ ಸಸಿಮಡಿಗಳ ಹತ್ತಿರ ಒಂದು ಮೋರಿ ಇದೆ. ಅದರ ಕಟ್ಟೆಯ ಮೇಲೆ ಕುಳಿತೆ. ನಾಚಿಕೆಯಿಂದ ಸತ್ತುಹೋಗುತ್ತೇನೆ ಅಂದುಕೊಂಡಿದ್ದೆ. ಆದರೆ ಏನಾಯಿತು ಗೊತ್ತೇ? ಭಾರದ ಮೂಟೆ ಇಳಿಸಿದ ಹಮಾಲಿಯ ಹಾಗೆ ಹೆಗಲು ಹಗುರವಾಗಿತ್ತು. ಅಪ್ಪ ಹೋದ ಮೇಲೆ ಮೊದಲ ಸಲ ದೇವರಿಗೆ ಸುಳ್ಳಿಲ್ಲದ ಒಂದು ಮಾತು ಹೇಳಿದೆ. 'ಇದು ನನ್ನ ಕೈಲಾಗುವ ಕೆಲಸ ಅಲ್ಲ. ನಿನ್ನ ಕೈಲಾದರೆ ಮಾಡು. ಆಗದಿದ್ದರೆ ನಾನು ಇರುವುದೇ ಹೀಗೆ, ಹೀಗೇ ಇಟ್ಟುಕೋ.' ನನ್ನ ಅಂದಿನ ಪ್ರಾರ್ಥನೆ ಇಷ್ಟೇ. ಆಮೆನ್ ಕೂಡ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಪ್ರಸಾದ ಬಂದ. ನನ್ನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ತಂದು ಕಾಲ ಬಳಿ ಇಟ್ಟ. ತಾನು ಮೋರಿಯ ಆ ತುದಿಯಲ್ಲಿ ಕುಳಿತ.

"ಬೇಜಾರಾಯ್ತೇನಪ್ಪ?" ಅಂತ ಕೇಳಿದೆ. ಇನ್ನೇನು ಕೇಳಲಿ?

"ಇಲ್ಲ ಮಿಸ್. ನಿಜ ಏಳ್ಬೇಕು ಅಂದ್ರೆ, ಈಗ ಉಸ್ರಾಡಂಗಾಯ್ತು." ಅವನು ನೆಲ ನೋಡುತ್ತಲೇ ಮಾತಾಡಿದ. "ನೀವು ಕ್ಷಮಿಸಿದ್ದೀನಿ ಅಂದಾಗ್ಲೆಲ್ಲ ನಂಗೆ ಮಕ ಎತ್ತಕೇ ಆಯ್ತಿರ್ಲಿಲ್ಲ. ನೀವು ಊಟ ತಂದ್ ಕೊಡ್ತಿದ್ರಲ್ಲ, ಮನೇರು ಉಣ್ತಿದ್ರು. ನಂಗೆ ಒಂದ್ ತುತ್ತೂ ಗಂಟ್ಲಾಗೆ ಇಳೀತಿರ್ಲಿಲ್ಲ ಕಣ್ ಮಿಸ್. ಬೈಯ್ಯಲಿ, ಒಡೀಲಿ ಅಂತ ಕಾಯ್ತಿದ್ದೆ."

ಆಗ ನಾನು ಕೇಳಿದೆ. ಇಷ್ಟು ಕಾಲವೂ ಕೇಳದಿದ್ದ ಮಾತು. "ಅವತ್ತು ಏನಾಯ್ತು ಹೇಳಪ್ಪ."

ನೋಡು ಕಾವ್ಯ, ಕ್ಷಮಿಸುವ ಕೆಲಸದಲ್ಲಿ ನಾನು ಎಷ್ಟು ಮುಳುಗಿದ್ದೆ ಎಂದರೆ, ಅವನನ್ನು ಮಾತಾಡಿಸಿಯೇ ಇರಲಿಲ್ಲ.

ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. "ಸದ್ದಾದ ತಕ್ಷಣ ಆರಿ ಇಳ್ದೆ. ಮೇಷ್ಟ್ರು ರೋಡ್ ಮ್ಯಾಲೆ ಬಿದ್ದಿದ್ರು. ತಲೆ ತೊಡೆ ಮ್ಯಾಲೆ ಇಟ್ಕಂಡೆ. ಜೀವ ಇತ್ತು ಮಿಸ್. ನೀರು ಕೇಳುದ್ರು, ಬಾಟ್ಲೀಲಿ ಇತ್ತು, ಬಾಯಿಗೆ ಬುಟ್ಟೆ. 'ಯಾರ್ಲಾ, ಮಾದೇವಾನಾ?' ಅಂದ್ರು. ಊಂ ಸಾ, ತಪ್ಪಾಯ್ತು ಸಾ, ಅಂತ ಅಳ್ತಿದ್ದೆ. ಅವ್ರು ನನ್ ಕೈ ಇಡ್ಕಂಡ್ರು. ನಾನು ತಪ್ಪಾಯ್ತು ಅಂದಾಗ್ಲೆಲ್ಲ ಕೈಯ ಒಸಿ ಅದುಮ್ತಿದ್ರು. ಮಾತು ನಿಂತೋಗಿತ್ತು, ಕೈ ಮಾತ್ರ ಅದುಮ್ತಿತ್ತು. ಆಂಬುಲೆನ್ಸ್ ಬರೋಗಂಟ ಬುಡ್ಲೇ ಇಲ್ಲ. ಬಂದ್ಮ್ಯಾಲೆ ಬೆರಳು ನಾನೇ ಬುಡಿಸ್ಕಬೇಕಾಯ್ತು."

"ಇದನ್ನ ಯಾಕೋ ಹೇಳ್ಲಿಲ್ಲ ಇಷ್ಟು ದಿನ?" ಅಂತ ಕೂಗಿದೆ.

"ನೀವು ಕೇಳ್ನಿಲ್ಲ ಮಿಸ್. ಕೊಂದವ್ನೇ ಬಂದು, ನಿಮ್ ಯಜಮಾನ್ರು ನನ್ ಕೈ ಇಡ್ಕಂಡಿದ್ರು ಅಂದ್ರೆ ಯಾರ್ ನಂಬ್ತಾರೆ? ನಂಗೆ ಬಾಯಿ ಬರ್ನಿಲ್ಲ."

ನಿಮ್ಮಪ್ಪ ನಾಯಿಯ ಹಾಗೆ ರಸ್ತೆಯಲ್ಲಿ ಒಬ್ಬರೇ ಸತ್ತರು ಎಂಬುದೇ ನನ್ನ ಕಲ್ಲಿನ ಒಳಗಿನ ಕಲ್ಲಾಗಿತ್ತು. ಅವರು ಒಬ್ಬರೇ ಇರಲಿಲ್ಲ. ಯಾರ ಮೇಲೆ ನಾನು ದ್ವೇಷ ಇಟ್ಟಿದ್ದೆನೋ ಅವನ ತೊಡೆಯ ಮೇಲೆ ತಲೆಯಿತ್ತು, ಅವನು ಕೊಟ್ಟ ನೀರು ಗಂಟಲಲ್ಲಿತ್ತು. ಹಸಿದು, ಬೆವರಿ, ಹುಣ್ಣು ಮಾಡಿಕೊಂಡು ನಾನು ಯಾವುದನ್ನು ಮಾಡಿ ಮುಗಿಸಬೇಕೆಂದು ಹೆಣಗುತ್ತಿದ್ದೆನೋ, ಆ ರಸ್ತೆಯ ಮೇಲೆ ಅದನ್ನು ನಿಮ್ಮಪ್ಪ ಒಂದು ಕೈಯಿಂದ ಮುಗಿಸಿದ್ದರು. ನನಗೆ ಉಳಿದದ್ದು ಅದನ್ನು ಕೇಳಿಸಿಕೊಳ್ಳುವುದು ಮಾತ್ರ.

ತುಂಬ ಅತ್ತೆ. ಅವನೂ ಅತ್ತ. ಆಮೇಲೆ ಇಬ್ಬರೂ ಅವರ ಮನೆಗೆ ನಡೆದೆವು. ಮಗುವಿಗೆ ಹೆಸರು ಇಟ್ಟಾಗಿತ್ತು, ಅಜ್ಜಿಯೇ ಕಿವಿಯಲ್ಲಿ ಹೇಳಿದ್ದರು. ನೆಂಟರು ನನ್ನನ್ನು ಓರೆಗಣ್ಣಿನಿಂದ ನೋಡಿದರು, ನೋಡಲಿ. ಶಿವರುದ್ರಮ್ಮ ಎಲೆ ಹಾಕಿ ಬಡಿಸಿದರು. ನನಗೆ ಅಂದು ಬುಧವಾರದ ಉಪವಾಸ. ಹೋಳಿಗೆ ತುಪ್ಪ ಹಾಕಿಸಿಕೊಂಡು ಉಂಡೆ, ಮತ್ತೆ ಬೇಕೇ ಅಂದಾಗ ಬೇಕು ಅಂದೆ. ಅವರ ಮನೆಗೆ ಅಷ್ಟು ಡಬ್ಬಿ ಹೊತ್ತವಳು ಅವರ ಅನ್ನ ಮುಟ್ಟಿದ್ದು ಅದೇ ಮೊದಲು.

ಇದನ್ನೆಲ್ಲ ಅಯ್ಯನವರಿಗೆ ಹೇಳಿದೆ, ಇನ್ನು ನನ್ನನ್ನು ಸಾಕ್ಷಿಗೆ ಕರೆಯಬೇಡಿ ಅಂದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸುತ್ತ ಕುಳಿತರು. "ಕೃಪೆ, ಕೃಪೆ ಅಂತ ಪ್ರತಿ ಭಾನುವಾರ ಹೇಳ್ತೀವಿ ಪ್ರಮೀಳಮ್ಮ. ಸೋಮವಾರದಿಂದ ಅದನ್ನ ದುಡಿದೇ ಗಳಿಸಬೇಕು ಅನ್ನೋ ಕೂಲಿಯವರ ಹಾಗೆ ಬದುಕ್ತೀವಿ. ನಾನೂ ಅಷ್ಟೇ" ಅಂದರು. ಸ್ತ್ರೀಯರ ಕೂಟದಲ್ಲಿ ನಾನೇ ಎದ್ದು ನಿಂತು ನಿಜ ಹೇಳಿದೆ. ಕೆಲವರಿಗೆ ಮುಖ ಇಳಿದುಹೋಯಿತು. ಒಬ್ಬಾಕೆ ಹೊರಗೆ ಬಂದು ನನ್ನ ಕೈ ಹಿಡಿದು, ತನ್ನ ಅತ್ತೆಯ ವಿಷಯ ಹೇಳಿ ಅತ್ತಳು. ಅದು ಅವಳ ಗುಟ್ಟು, ನಿನಗೂ ಬರೆಯುವುದಿಲ್ಲ.

ಈಗಲೂ ನಸುಕಿನಲ್ಲಿ ಎಚ್ಚರವಾಗುತ್ತದೆ. ಮೊಣಕಾಲೂರುವುದು ಬಿಟ್ಟಿದ್ದೇನೆ, ಮೊಣಕಾಲು ನೋವೂ ಒಂದು ಕಾರಣ. ಕಾಫಿ ಲೋಟ ಹಿಡಿದು ಹಿತ್ತಲಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಹೇಳಲು ಏನೂ ಇಲ್ಲದಿದ್ದರೆ ಏನೂ ಹೇಳುವುದಿಲ್ಲ. ಮೊದಲಾದರೆ ದೇವರು ಹಾಜರಿ ತೆಗೆದುಕೊಳ್ಳುತ್ತಾನೆ ಅನ್ನಿಸುತ್ತಿತ್ತು. ಈಗ ಪಕ್ಕದಲ್ಲಿ ಕೂತಿದ್ದಾನೆ ಅನ್ನಿಸುತ್ತದೆ. ಹೊಟ್ಟೆಯ ಹುಣ್ಣೂ ಮಾಯುತ್ತಿದೆ.

ಇನ್ನು ನಿನ್ನ ವಿಷಯ. ನೀನು ಅವನನ್ನು ಕ್ಷಮಿಸಬೇಕು ಅಂತ ನಾನು ಬರೆಯುತ್ತಿಲ್ಲ. ಆ ಕೆಲಸವನ್ನು ಮಗಳ ತಲೆಯ ಮೇಲೆ ಹೊರಿಸುವಷ್ಟು ದಡ್ಡಿ ಅಲ್ಲ ಈಗ. ನಿಮ್ಮಪ್ಪ ಕೊನೆಗೆ ಒಬ್ಬರೇ ಇರಲಿಲ್ಲ ಎಂಬುದು ನಿನಗೂ ಸೇರಬೇಕಾದ ಆಸ್ತಿ, ಅದಕ್ಕೆ ಬರೆದೆ. ನೀನು ಅವತ್ತು ಕೇಳಿದ ಪ್ರಶ್ನೆ ಸರಿಯಾಗಿತ್ತು. ನಾನು ವಚನ ಹೇಳುವ ಬದಲು ನಿನ್ನ ಜೊತೆ ಕೂತು ಅಳಬೇಕಿತ್ತು. ರಜೆ ಸಿಕ್ಕಾಗ ಬಾ. ಸಿಟ್ಟು ಇದ್ದರೆ ಸಿಟ್ಟನ್ನೇ ಹೊತ್ತುಕೊಂಡು ಬಾ, ಈ ಮನೆಯಲ್ಲಿ ಅದಕ್ಕೂ ಹಾಸಿಗೆ ಹಾಸುತ್ತೇನೆ. ಬೆಳಗಾದ ಮೇಲೆ ಎಬ್ಬಿಸುವುದಿಲ್ಲ, ಆರಾಧನೆಗೆ ಹೊರಡು ಅನ್ನುವುದಿಲ್ಲ.

ಎಂದೆಂದಿಗೂ ನಿನ್ನವಳು,
ಅಮ್ಮ (ಪ್ರಮೀಳಾ)

ಇನ್ನೊಂದು ಮಾತು: ನಿನ್ನೆ ಬರೆದಿಟ್ಟ ಈ ಕಾಗದವನ್ನು ಅಂಚೆಗೆ ಹಾಕಲು ಇವತ್ತು ಹೊರಟಾಗ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಪ್ರಸಾದ ಯಾರೊಂದಿಗೋ ಜೋರಾಗಿ ನಗುತ್ತಿದ್ದ. ಆ ನಗು ಕಿವಿಗೆ ಬಿದ್ದದ್ದೇ, ನನ್ನ ಎದೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು. ನಿನಗೆ ಇಷ್ಟೆಲ್ಲ ಬರೆದ ಮೇಲೂ. 'ನೋಡು, ಮತ್ತೆ ಬಂತು. ಇವತ್ತಿಂದೂ ನೀನೇ ನೋಡಿಕೋ' ಅಂತ ಒಳಗೇ ದೇವರಿಗೆ ಹೇಳಿ ನಡೆದೆ. ಅವನು ನನ್ನನ್ನು ಕಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತಟ್ಟನೆ ನಗು ನಿಲ್ಲಿಸಿ ಎದ್ದುನಿಂತ. "ಯಾಕೋ ನಿಲ್ಲಿಸಿದೆ? ನಗು ಕಣೋ" ಅಂದೆ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ, ನನಗೆ ಗೊತ್ತಿಲ್ಲ.