ಕಿರುಚಾಟ ಯಾವಾಗಲೂ ಕೊನೆಗೆ

ಸೆಪ್ಟೆಂಬರ್ 9, ಮಂಗಳವಾರ. ಸಂಜೆ 6.40, ಲೋಕಲ್ ರೈಲಿನಲ್ಲಿ

ಇವತ್ತು ಎರಡು ಸಲ ಸತ್ತೆ. ಒಮ್ಮೆ ಅಡುಗೆಮನೆಯಲ್ಲಿ, ಒಮ್ಮೆ ಬಾವಿಕಟ್ಟೆಯ ಹತ್ತಿರ. ನಾಳೆ ಮೂರನೆಯವಳು ಸಾಯಬೇಕು. ಹಿಂದಿ ಸಿನಿಮಾ, ಕನ್ನಡಕ್ಕೆ ಡಬ್ಬಿಂಗ್, ಮಲಾಡಿನ ಅದೇ ಸ್ಟುಡಿಯೋ. ಕಾಡಿನ ಮಧ್ಯೆ ಒಂಟಿ ಬಂಗಲೆ, ರಜೆಗೆಂದು ಬಂದ ಐದು ಜನ, ಒಬ್ಬೊಬ್ಬರನ್ನೇ ಕೊಚ್ಚುವ ಮುಖವಾಡದವನು. ಹೀರೋಯಿನ್ ಒಬ್ಬಳೇ ಉಳಿಯುವುದು.

ಸಾಯುವ ಹೆಂಗಸರಿಗೆಲ್ಲ ನನ್ನ ದನಿ. ಹೀರೋಯಿನ್‌ಗೆ ನಿಖಿತಾ. ಇಪ್ಪತ್ಮೂರು ವರ್ಷ. ಬೊರಿವಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಓದಲು ಬಾರದು, ಸ್ಕ್ರಿಪ್ಟನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು. ನನಗೆ ಈ ಕೆಲಸದಲ್ಲಿ ಹದಿನೇಳು ವರ್ಷ. ಹೀರೋಯಿನ್ ಅವಳಿಗೇಕೆ ಎಂದು ಡಬ್ಬಿಂಗ್ ಡೈರೆಕ್ಟರ್ ಧನರಾಜ್‌ರನ್ನು ಕೇಳಿಯೇ ಬಿಟ್ಟೆ. “ಅವಳ ವಾಯ್ಸ್ ಫ್ರೆಶ್ ಉಂಟು ಚಂಪಾ” ಅಂದರು.

ಹಾಗಾದರೆ ನನ್ನದೇನು, ನಿನ್ನೆಯ ಇಡ್ಲಿಯೇ?

ಸೆಪ್ಟೆಂಬರ್ 11, ಗುರುವಾರ

ನನ್ನ ಸಾವುಗಳೆಲ್ಲ ಮುಗಿದವು. ಶನಿವಾರ ಮಧ್ಯಾಹ್ನ ಗುಂಪಿನ ಗದ್ದಲಕ್ಕೆ ದನಿ ಕೂಡಿಸಲು ಮಾತ್ರ ಹೋಗಬೇಕು. ಮನೆಗೆ ಹೊರಡಬಹುದಿತ್ತು, ಹೊರಡಲಿಲ್ಲ. ಸೌಂಡ್ ಇಂಜಿನಿಯರ್ ಹಿತೇಶನ ಪಕ್ಕ ಕುಳಿತು ನಿಖಿತಾಳ ಡಬ್ಬಿಂಗ್ ಕೇಳಿದೆ. ತಪ್ಪು ಹುಡುಕಲು ಎಂದೇ ಕುಳಿತದ್ದು, ಇಲ್ಲಿ ಸುಳ್ಳು ಬರೆದು ಏನು ಲಾಭ.

ಹೀರೋಯಿನ್ ಮಂಚದಡಿ ಅಡಗಿ ಪಿಸುಗುಟ್ಟುವ ಸೀನ್. ನಿಖಿತಾ ಮೈಕಿಗೆ ಬಾಯಿ ಹತ್ತಿರ ತಂದು ನಾಲ್ಕೇ ಮಾತು ಹೇಳಿದಳು. ಹಿತೇಶ ಚಹಾ ಕುಡಿಯುವುದನ್ನೇ ಮರೆತ. ಒಂದೇ ಟೇಕ್… ನನ್ನ ದನಿ ಕೇಳಿ ಯಾರೂ ಹಾಗೆ ಚಹಾ ಮರೆತದ್ದಿಲ್ಲ.

ಹೊರಗೆ ಬಂದು, “ಆಂಟಿ, ಠೀಕ್ ಇತ್ತಾ?” ಎಂದು ಕೇಳಿದಳು. ಪರವಾಗಿಲ್ಲ ಅಂದೆ. ಆಂಟಿಯಂತೆ!

ಸೆಪ್ಟೆಂಬರ್ 12, ಶುಕ್ರವಾರ. ರಾತ್ರಿ 8, ಮನೆ

ನಾಳೆ ಧನರಾಜ್ ಪುಣೆಗೆ ಹೋಗುತ್ತಾರೆ. ಬೆಳಿಗ್ಗೆ ನಿಖಿತಾ ಮತ್ತು ಹಿತೇಶ ಇಬ್ಬರೇ. ಹೀರೋಯಿನ್‌ದು ಹದಿನಾಲ್ಕು ಕಿರುಚಾಟ ಬಾಕಿ, ಜೊತೆಗೆ ಎಂಟು ಪುಟ ಮಾತು. ಹಿತೇಶ ಹೊಸಬ, ಏನು ಹೇಳಿದರೂ ರೆಕಾರ್ಡ್ ಮಾಡುವವನು.

ಮಲಾಡ್ ಸ್ಟೇಷನ್ನಿನಲ್ಲಿ ಲೋಕಲ್ಲಿಗೆ ಕಾಯುವಾಗ ಅವಳೇ ಕೇಳಿದಳು. “ಆಂಟಿ, ಚೀಖ್ನಾ, ಅಂದ್ರೆ ಕಿರುಚುದು, ಪೆಹಲೇ ಮಾಡ್ಬೇಕಾ, ಲಾಸ್ಟಿಗಾ? ನಂಗೆ ಯಾರೂ ಹೇಳ್ಲಿಲ್ಲ.”

ಈ ಕೆಲಸಕ್ಕೆ ಬಂದ ಮೊದಲ ದಿನ ನಾನು ಕಲಿತದ್ದು ಅದನ್ನೇ. ಮೊದಲು ಪಿಸುಮಾತು, ಆಮೇಲೆ ಮಾತು, ಕಿರುಚಾಟ ಯಾವಾಗಲೂ ಕೊನೆಗೆ. ಕಿರುಚಿದ ಮೇಲೆ ಗಂಟಲು ಆ ದಿನದ ಮಟ್ಟಿಗೆ ಮುಗಿಯಿತು. ಅದರ ಮೇಲೆ ಮತ್ತೆ ದುಡಿಸಿದರೆ ಕೆಡುತ್ತದೆ.

“ಮೊದ್ಲೇ ಮುಗಿಸಿ ಬಿಡು ಮಾರಾಯ್ತಿ. ಗಂಟ್ಲು ಫ್ರೆಶ್ ಇರುವಾಗ್ಲೇ ಒಳ್ಳೆದು ಬರುದು” ಅಂದೆ.

ಥ್ಯಾಂಕ್ಯೂ ಅಂದಳು. ರೈಲಿನಲ್ಲಿ ನನಗೇ ಸೀಟು ಬಿಟ್ಟುಕೊಟ್ಟಳು, ಬೊರಿವಲಿಯಲ್ಲಿ ಇಳಿಯುವಾಗ ಕೈ ಬೀಸಿದಳು. ನಾನು ಇಳಿಯುವ ದಹಿಸರ್ ಬರುವವರೆಗೂ ಫೋನ್ ಕೈಯಲ್ಲೇ ಇತ್ತು. ಅವಳಿಗೆ ಕರೆ ಮಾಡಿ ನಿಜ ಹೇಳಲಿಲ್ಲ. ಒಂದು ದಿನ ದನಿ ಒಡೆಯಲಿ, ಧನರಾಜ್‌ಗೆ ಫ್ರೆಶ್ ಅಂದರೇನೆಂದು ತಿಳಿಯಲಿ. ಅಷ್ಟೇ.

ಸೆಪ್ಟೆಂಬರ್ 13, ಶನಿವಾರ

ಒಂದು ಗಂಟೆಗೆ ಹೋದೆ. ನಿಖಿತಾ ಸೋಫಾದ ಮೇಲೆ ಕುಳಿತು ಟವೆಲಿನಿಂದ ಬಾಯಿ ಒತ್ತಿಕೊಂಡಿದ್ದಳು. ಹಿತೇಶ ಹೇಳಿದ ಪ್ರಕಾರ ಹದಿನಾಲ್ಕು ಕಿರುಚಾಟವನ್ನೂ ಮೊದಲೇ ಮಾಡಿದ್ದಾಳೆ, ಒಂದೊಂದಕ್ಕೆ ನಾಲ್ಕೈದು ಟೇಕ್. ಹನ್ನೊಂದನೆಯದರಲ್ಲೇ ಏನೋ ಹರಿದ ಹಾಗಾಯಿತಂತೆ. ಆದರೂ ನಿಲ್ಲಿಸಿಲ್ಲ, ಎಂಟು ಪುಟ ಮಾತನ್ನೂ ಶುರುಮಾಡಿದ್ದಾಳೆ. ಈಗ ಬಾಯಿ ತೆರೆದರೆ ಬರೀ ಗಾಳಿ. ಟವೆಲಿನ ಮೇಲೆ ಕೆಂಪು.

ಮನೆಗೆ ಬಂದು ಅಡುಗೆ ಮಾಡಿದೆ. ಮಾಡಿದ್ದನ್ನು ಹಾಗೇ ಮುಚ್ಚಿಟ್ಟೆ.

ಸೆಪ್ಟೆಂಬರ್ 22, ಸೋಮವಾರ

ಬರೆಯಲು ಮನಸ್ಸಾಗಿರಲಿಲ್ಲ.

ನಿಖಿತಾಳ ದನಿಯ ತಂತುವಿನಲ್ಲಿ ರಕ್ತ ಸೇರಿದೆಯಂತೆ. ಒಂದು ತಿಂಗಳು ಒಂದಕ್ಷರ ಮಾತಾಡಬಾರದು. ಮೊದಲಿನ ದನಿ ಮರಳಿ ಬರುತ್ತದೆಂದು ಡಾಕ್ಟರು ಖಾತರಿ ಕೊಟ್ಟಿಲ್ಲ. ಇಷ್ಟು ಬೇಕಾಗಿರಲಿಲ್ಲ ನನಗೆ. ಒಂದು ದಿನದ್ದು ಸಾಕಿತ್ತು.

ಹೀರೋಯಿನ್‌ನ ಇಡೀ ಪಾತ್ರ ನನಗೆ ಬಂತು. ಇವತ್ತು ಆರು ಸೀನ್ ಮುಗಿಸಿದೆ. ಖುಷಿಯಾಯಿತೇ? ಆಯಿತು. ಹೆಡ್‌ಫೋನ್ ಹಾಕಿಕೊಂಡಾಗ ಆಯಿತು. ಛೀ.

ಸೆಪ್ಟೆಂಬರ್ 24, ಬುಧವಾರ

ನಿನ್ನೆ ಹದಿನಾಲ್ಕು ಕಿರುಚಾಟ ಮಾಡಿದೆ, ಕೊನೆಗೇ ಮಾಡಿದೆ. ಹೊಟ್ಟೆಯಿಂದ ತೆಗೆದೆ, ಒಂದೂ ತಪ್ಪಿಲ್ಲ. ಇವತ್ತು ಧನರಾಜ್ ಅವಳದನ್ನೂ ನನ್ನದನ್ನೂ ಪಕ್ಕಪಕ್ಕ ಹಾಕಿ ಕೇಳಿದರು. ಹನ್ನೊಂದನೆಯದನ್ನು ಮತ್ತೊಮ್ಮೆ ಹಾಕಿಸಿದರು.

“ಮಾತೆಲ್ಲ ನಿಂದು ಚಂಪಾ. ಹನ್ನೊಂದನೇ ಚೀಖ್ ಮಾತ್ರ ಆ ಹುಡುಗಿದೇ ಇಡುವ. ಅದು ಆ್ಯಕ್ಟಿಂಗ್ ಅಲ್ಲ.”

ಅದಾದ ಮೇಲಿನ ಮಾತನ್ನು ಅದಕ್ಕೆ ಹೊಂದಿಸಿ ನಾನು ಇವತ್ತು ಮತ್ತೆ ಹೇಳಬೇಕಾಯಿತು. ಹಾಗಾಗಿ ಪ್ರತಿ ಟೇಕಿಗೂ ಮೊದಲು ಹೆಡ್‌ಫೋನಿನಲ್ಲಿ ಅವಳದು. ಗಂಟಲು ಹರಿಯುವುದು ಸ್ಪಷ್ಟವಾಗಿ ಕೇಳುತ್ತದೆ. ಒಂಬತ್ತು ಸಲ ಕೇಳಿದೆ. ಒಂಬತ್ತು ಸಲವೂ ಒಂದೇ ಯೋಚನೆ — ಇದು ನನ್ನಿಂದ ಆಗುತ್ತಿರಲಿಲ್ಲ. ಅವಳ ಗಾಯದ ಮೇಲೂ ಹೊಟ್ಟೆಕಿಚ್ಚು ನನಗೆ. ಎಂಥ ಹೆಂಗಸು ನಾನು!

ಸೆಪ್ಟೆಂಬರ್ 28, ಭಾನುವಾರ

ಬೊರಿವಲಿಗೆ, ನಿಖಿತಾಳ ಮನೆಗೆ ಹೋದೆ. ಅವಳ ಅಮ್ಮ ನೀರುದೋಸೆ ಬಡಿಸಿದರು. ಇವಳಿಗೆ ನೀವೆಂದರೆ ತುಂಬ ಗೌರವ ಎಂದರು.

ನಿಖಿತಾ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು. “ಫಸ್ಟ್ ಕಿರುಚಲು ಯಾರು ಹೇಳಿದ್ದು ಅಂತ ಧನರಾಜ್ ಸರ್ ಮೆಸೇಜ್ ಮಾಡಿದ್ರು. ನಂದೇ ಐಡಿಯಾ ಅಂದೆ. ಪಾಪ ಆಂಟಿ, ನಿಮ್ಗೂ ಗೊತ್ತಿರ್ಲಿಲ್ಲ ಅಲ್ವಾ.”

ತಲೆಯಾಡಿಸಿದೆ. ಹೌದು, ಗೊತ್ತಿರಲಿಲ್ಲ ಎನ್ನುವ ಹಾಗೆ. ಅವಳು ನನ್ನ ಕೈ ಹಿಡಿದು ಸಮಾಧಾನ ಮಾಡಿದಳು.

ಸೆಪ್ಟೆಂಬರ್ 29, ಸೋಮವಾರ. ಸಂಜೆ 6.50, ಲೋಕಲ್ ರೈಲಿನಲ್ಲಿ

ಮಲಾಡಿನಿಂದ ನಿಖಿತಾಗೆ ಮೆಸೇಜ್ ಬರೆದು ಬರೆದು ಅಳಿಸುತ್ತಿದ್ದೇನೆ. ಕಾಂದಿವಲಿ ದಾಟಿತು. ಉಳಿದದ್ದು ಇಷ್ಟೇ, ಅವಳು ಓದುವ ಇಂಗ್ಲಿಷ್ ಅಕ್ಷರದಲ್ಲಿ: ‘ನಿಖಿತಾ, ನನಗೆ ಗೊತ್ತಿತ್ತು.’

ಕಳಿಸಿದೆ.

ಟಿಕ್ ನೀಲಿ ಆಯಿತು. ಅವಳು ಟೈಪ್ ಮಾಡುತ್ತಿದ್ದಾಳೆ… ನಿಂತಿತು. ಬೊರಿವಲಿ ಬಂತು. ಮತ್ತೆ ಟೈಪ್ ಮಾಡುತ್ತಿ—